ತೆಗೆದಿಟ್ಟ ಬಾಗಿಲು

ನಮ್ಮ ಕಚೇರಿಯಲ್ಲಿ ಬಾಗಿಲುಗಳಿರಲಿಲ್ಲ, ಒಂದನ್ನು ಬಿಟ್ಟು. ಹಿಂದೆ ಅದು ಹತ್ತಿಯ ಗೋದಾಮಾಗಿತ್ತಂತೆ. ಶ್ರೀಕರ ಅದನ್ನು ಕೊಂಡು ಸಾಫ್ಟ್‌ವೇರ್ ಕಂಪನಿ ಮಾಡಿದಾಗ ಬಾಗಿಲುಗಳನ್ನೆಲ್ಲ ಕೀಳಿಸಿ ಮಾರಿದ. ಸಭೆಯ ಕೋಣೆಗೂ ಅವನ ಸ್ವಂತ ಕೋಣೆಗೂ ಬರೀ ಚೌಕಟ್ಟು. ಬೀದಿಯ ಕಡೆಗೆ ಕಬ್ಬಿಣದ ಷಟರ್. ಕಾವಲುಗಾರ ಬೆಳಿಗ್ಗೆ ಎತ್ತಿದರೆ ಸಂಜೆಯವರೆಗೆ ಇಳಿಸುತ್ತಿರಲಿಲ್ಲ. ಷಟರಿಗೆ ಕೀಲುಗಳಿಲ್ಲ, ಅದು ಯಾರ ವಿಷಯವನ್ನೂ ಹೇಳುವುದಿಲ್ಲ. ಕಡಲಾಚೆಯ ನಮ್ಮ ಗಿರಾಕಿ ಕಂಪನಿಗೆ ಪ್ರತಿ ವರ್ಷ ಒಂದು ಫೋಟೋ ಹೋಗುತ್ತಿತ್ತು. ಬಾಗಿಲಿಲ್ಲದ ಚೌಕಟ್ಟುಗಳು, ಅವುಗಳ ನಡುವೆ ನಗುತ್ತ ನಿಂತ ನಾವು, ಕೆಳಗೆ 'ಇಲ್ಲಿ ಎಲ್ಲರಿಗೂ ದಾರಿ ತೆರೆದಿದೆ' ಎಂಬ ಸಾಲು. ಅವರು ಅದನ್ನು ಅಲ್ಲಿ ದೊಡ್ಡದು ಮಾಡಿ ಗೋಡೆಗೆ ಹಾಕಿದ್ದರಂತೆ.

ಟಾಯ್ಲೆಟ್ಟಿಗೆ ಮಾತ್ರ ಬಾಗಿಲಿತ್ತು. ಎಲ್ಲರಿಗೂ ಸೇರಿ ಒಂದೇ ಟಾಯ್ಲೆಟ್, ಹಜಾರದ ಕೊನೆಯಲ್ಲಿ. ಅದಕ್ಕೆ ಬಾಗಿಲು ಇರಲೇಬೇಕಲ್ಲ ಎಂದು ಎಲ್ಲರೂ ಹೇಳುತ್ತಿದ್ದರು, ಯಾರೂ ಕೇಳದಿದ್ದರೂ.

ನಮ್ಮ ಊರಿನಲ್ಲಿ ಕೆಲವರು ಹೊಸಿಲು ದಾಟಿದರೆ ಬಾಗಿಲು ಸದ್ದು ಮಾಡುತ್ತದೆ, ಕೆಲವರು ದಾಟಿದರೆ ಮಾಡುವುದಿಲ್ಲ. ಮುಚ್ಚಿದ ಬಾಗಿಲನ್ನು ಅವರೇ ತಳ್ಳಬೇಕೆಂದಿಲ್ಲ. ಹಾರು ಹೊಡೆದು ತೆರೆದಿಟ್ಟ ಬಾಗಿಲಾದರೂ ಸರಿ, ಸದ್ದಿನವರು ದಾಟುವಾಗ ಕೀಲು ಕಿರುಗುಟ್ಟುತ್ತದೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಯಂತ್ರದ ಎಣ್ಣೆ ಯಾವುದೂ ನಾಟುವುದಿಲ್ಲ. ಆದರೂ ಸದ್ದಿನವರ ಬೀದಿಯಲ್ಲಿ ಎಣ್ಣೆ ಅಂಗಡಿಗಳು ಚೆನ್ನಾಗಿ ನಡೆಯುತ್ತವೆ. ಸದ್ದಿಲ್ಲದವರು ಬಾಗಿಲ ಕಡೆ ತಿರುಗಿ ನೋಡುವುದಿಲ್ಲ. ಹಾಗೆ ನೋಡುವುದು ಸಭ್ಯತೆ ಅಲ್ಲ ಎಂದು ಮಕ್ಕಳಿಗೂ ಹೇಳಿಕೊಡುತ್ತಾರೆ. ಮಾತು ಅರ್ಧ ಕ್ಷಣ ನಿಲ್ಲುತ್ತದೆ, ಅಷ್ಟೇ. ಮತ್ತೆ ಮುಂದುವರಿಯುತ್ತದೆ, ಆದರೆ ಬೇರೆ ಮಾತಾಗಿ. ನಾನು ಸದ್ದಿಲ್ಲದವರ ಮನೆಯಲ್ಲಿ ಹುಟ್ಟಿದವಳು. ಆ ಅರ್ಧ ಕ್ಷಣ ನನಗೆ ಕೇಳಿಸತೊಡಗಿದ್ದು ಮದುವೆಯಾದ ಮೇಲೆ.

ಕೆಂಪರಾಜ ನನಗೆ ಸಿಕ್ಕಿದ್ದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಬಂದು ಕಿಟಕಿಯ ಪಕ್ಕ ಕೂತರೆ ಸಂಜೆ ಎಲ್ಲರೂ ಎದ್ದುಹೋಗುವವರೆಗೆ ಏಳುತ್ತಿರಲಿಲ್ಲ. ಎಂಥ ಓದುವ ಹುಚ್ಚು ಇವನಿಗೆ ಎಂದುಕೊಂಡೆ. ನನ್ನ ಮೆಚ್ಚುಗೆ ಶುರುವಾದದ್ದೇ ಅಲ್ಲಿಂದ. ಅವನು ಏಳದಿದ್ದದ್ದು ಹೊರಗೆ ಹೋಗಿಬಂದರೆ ಬಾಗಿಲು ಎರಡು ಸಲ ಕೂಗುತ್ತದೆ ಎಂದು. ಅದಕ್ಕೇ ನೀರೂ ಕುಡಿಯುತ್ತಿರಲಿಲ್ಲ. ಇದನ್ನು ಅವನೇ ಆಮೇಲೆ ನಗುತ್ತ ಹೇಳಿದ. "ನೀನು ಮೆಚ್ಚಿಕೊಂಡಿದ್ದು ನನ್ನ ಬುದ್ಧೀನಲ್ಲ ಮಾರಾಯ್ತಿ, ನನ್ನ ಬ್ಲಾಡರ್ರನ್ನ."

ಓದು ಮುಗಿದ ಮೇಲೆ ಇಬ್ಬರೂ ಶ್ರೀಕರನ ಕಂಪನಿಗೆ ಒಂದೇ ದಿನ ಸಂದರ್ಶನಕ್ಕೆ ಹೋದೆವು. ಬರೆಯುವ ಪರೀಕ್ಷೆಯಲ್ಲಿ ಹೆಸರಿಲ್ಲ, ಬರೀ ಸಂಖ್ಯೆ. ಇಬ್ಬರೂ ಪಾಸಾದೆವು. ಬೆಳಿಗ್ಗೆಯಿಂದ ಸಂಜೆಯವರೆಗೆ ಮಾತುಕತೆ, ನಡುನಡುವೆ ದೊಡ್ಡ ಲೋಟಗಳಲ್ಲಿ ಮಜ್ಜಿಗೆ. ಶುಂಠಿ, ಕರಿಬೇವು, ಚಿಟಿಕೆ ಇಂಗು ಹಾಕಿದ್ದು. ನಾನು ಚಪ್ಪರಿಸಿ ಕುಡಿದೆ. ಕುಡಿಯದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಅವನೂ ಕುಡಿದ. ಮಧ್ಯಾಹ್ನ ನಾನು ಹಜಾರದಲ್ಲಿ ಕೂತಿದ್ದಾಗ ಆ ಕೊನೆಯಿಂದ ಸದ್ದು ಬಂತು. ಕೆಂಪರಾಜನ ಸದ್ದು ಬೇರೆಯವರ ಹಾಗಲ್ಲ. ಮೊದಲು ಸಣ್ಣಗೆ ಶುರುವಾಗಿ ಕೊನೆಯಲ್ಲಿ ಏನೋ ಪ್ರಶ್ನೆ ಕೇಳಿದಂತೆ ಮೇಲಕ್ಕೆ ಹೋಗಿ ನಿಂತುಬಿಡುತ್ತಿತ್ತು. ಹಜಾರದಲ್ಲಿ ಯಾರೂ ತಲೆಯೆತ್ತಲಿಲ್ಲ. ವಾರದ ನಂತರ ಅವನಿಗೆ ಉತ್ತರ ಬಂತು: ನಮ್ಮ ವಾತಾವರಣಕ್ಕೆ ನೀವು ಹೊಂದುವುದಿಲ್ಲ. ನನಗೆ ಕೆಲಸ ಸಿಕ್ಕಿತು. "ಒಬ್ಬರಿಗಾದರೂ ಸಿಕ್ತಲ್ಲ" ಎಂದ. ಆಮೇಲೆ ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುತ್ತ ಉಳಿದ. ನನ್ನನ್ನು ಕರೆದೊಯ್ಯಲು ಸಂಜೆ ಬಂದರೆ ರಸ್ತೆಯ ಆಚೆಯೇ ಸೈಕಲ್ ನಿಲ್ಲಿಸುತ್ತಿದ್ದ. ಷಟರಿನ ಕೆಳಗೆ ಬಂದರೆ ಏನೂ ಆಗುವುದಿಲ್ಲ ಎಂದು ಹೇಳಿದರೂ ಬರುತ್ತಿರಲಿಲ್ಲ.

ಅವನು ಹೋದದ್ದು ಹೋದ ವರ್ಷ, ಮಾವಿನ ಕಾಲದಲ್ಲಿ. ಮೊದಲು ಕಲ್ಲು, ಆಮೇಲೆ ಸೋಂಕು, ಕೊನೆಗೆ ಎರಡೂ ಕಿಡ್ನಿ. ಡಾಕ್ಟರು ನನ್ನನ್ನು ಹೊರಗೆ ಕರೆದು, "ಇವರು ನೀರೇ ಕುಡೀತಿರಲಿಲ್ವೇನ್ರೀ?" ಎಂದು ಕೇಳಿದರು. ಕುಡಿಯುತ್ತಿರಲಿಲ್ಲ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ಅವರೂ ಈ ಊರಿನವರೇ.

ಸಾವಾದ ಮನೆಯಲ್ಲಿ ಬಾಗಿಲು ತೆಗೆದಿಡುವುದು ನಮ್ಮಲ್ಲಿ ಎರಡು ಕಡೆಯವರಿಗೂ ಇರುವ ಪದ್ಧತಿ. ಹೋದವರಿಗೆ ಹತ್ತಿರದವರು ಯಾರೋ ಅವರೇ ಬಾಗಿಲನ್ನು ಕೀಲಿನಿಂದ ಎತ್ತಿ, ಒಳಮುಖವನ್ನು ಗೋಡೆಗೆ ಮಾಡಿ ಒರಗಿಸಬೇಕು. ಮತ್ತೆ ಹಾಕುವುದೂ ಅವರೇ. ಎಷ್ಟು ದಿನ ಎಂದು ಲೆಕ್ಕವಿಲ್ಲ. ದುಃಖ ಇಳಿದಾಗ ಹಾಕುತ್ತಾರೆ. ಎತ್ತುವಾಗ ಯಾರಾದರೂ ಕೈಕೊಡಬಹುದು, ಒರಗಿಸಿದ ಮೇಲೆ ಬೇರೆಯವರು ಮುಟ್ಟಿದರೆ ಆ ಬಾಗಿಲು ಇನ್ನೊಂದು ಸಾವಿಗೆ ತೆರೆಯುತ್ತದೆ ಎಂದು ನಂಬಿಕೆ. ಎಂಥ ಓದಿದವರೂ ಮುಟ್ಟುವುದಿಲ್ಲ. ಕೆಂಪರಾಜ ಹೋದ ದಿನ ಅತ್ತೆ ನನ್ನನ್ನು ಕೈಹಿಡಿದು ಬಾಗಿಲ ಹತ್ತಿರ ಕರೆದೊಯ್ದರು. "ಕಾಲ್ನ ಕೆಳಕ್ ಕೊಡವ್ವ. ಹಂಗೇ ಮೀಟು. ಹ್ಞಾ, ಈಗ ಎತ್ತು" ಎಂದು ಹೇಳಿಕೊಟ್ಟರು. ಸದ್ದಿನವರಿಗೆ ಇದು ಚೆನ್ನಾಗಿ ಬರುತ್ತದೆ. ಮದುವೆ ಮುಂಜಿಗಳಲ್ಲೂ ಅವರು ಬಾಗಿಲು ಇಳಿಸಿಬಿಡುತ್ತಾರೆ, ಇಲ್ಲದಿದ್ದರೆ ಬಂದವರ ಬಾಗಿಲ ಸದ್ದಿನಲ್ಲಿ ವಾಲಗ ಕೇಳುವುದಿಲ್ಲ. ನಾನು ಎತ್ತಿದೆ. ಅಳು ಬರಲಿಲ್ಲ. ಸ್ವಲ್ಪ ದಿನಕ್ಕೆ ಎಲ್ಲರೂ ಹಾಕು ಎಂದರು, ಹಾಕಿದೆ. ದುಃಖ ಇಳಿದಿತ್ತೋ ಇಲ್ಲವೋ ನೋಡಿಕೊಳ್ಳಲಿಲ್ಲ. ಬೀದಿನಾಯಿ ಒಳಗೆ ಬರುತ್ತಿತ್ತು.

ಆಮೇಲೆ ಮನೆಯಲ್ಲಿ ಮೂವರು: ಅತ್ತೆ, ಕೆಂಪರಾಜನ ತಂಗಿ ಹೊಂಬಾಳೆ, ನಾನು. ಅತ್ತೆಗೆ ಕಣ್ಣು ಮಂಜು. ಯಾರು ಬಂದರು ಹೋದರು ಎಂಬುದನ್ನು ಬಾಗಿಲಿನಿಂದಲೇ ತಿಳಿಯುವವರು. ಹೊಂಬಾಳೆಯದು ಎರಡು ತುಂಡಾಗಿ ಬರುವ ಸದ್ದು, ಚಿಟ್ ಎಂದು ಒಂದು, ಸ್ವಲ್ಪ ತಡೆದು ಇನ್ನೊಂದು. ನನ್ನದು ಏನೂ ಇಲ್ಲ. ಹೊಸದರಲ್ಲಿ ನಾನು ಎದುರಿಗೆ ನಿಂತರೆ ಬೆಚ್ಚಿಬೀಳುತ್ತಿದ್ದರು. "ಬೆಕ್ಕು ಬಂದಂಗ್ ಬತ್ತೀಯಲ್ಲವ್ವ. ಬಾಗ್ಲಲ್ಲಿ ಒಸಿ ಕೆಮ್ಮು ಮಗ" ಎಂದಿದ್ದರು. ಅಂದಿನಿಂದ ನಾನು ಮನೆಗೆ ಬಂದಾಗಲೆಲ್ಲ ಹೊಸಿಲಲ್ಲಿ ಕೆಮ್ಮುತ್ತೇನೆ.

ನನ್ನ ಅಣ್ಣ ಬೇರೆ ಊರಿನಲ್ಲಿದ್ದಾನೆ. ಅಲ್ಲಿ ಬಾಗಿಲುಗಳಿಗೆ ಏನೂ ಹೇಳಲಿಕ್ಕಿಲ್ಲ. ಬಂದುಬಿಡು ಎಂದು ಫೋನು ಮಾಡುತ್ತಲೇ ಇದ್ದ. ಹೋಗುವುದೆಂದು ನಾನೂ ತೀರ್ಮಾನಿಸಿದ್ದೆ. ಉತ್ಸಾಹದಿಂದಲ್ಲ, ಒಂದು ಕಡೆ ಇರುವುದು ಆಯಾಸವಾದರೆ ಇನ್ನೊಂದು ಕಡೆ ಹೋಗಿ ಆಯಾಸಪಡುವುದು ಎಂಬಂತೆ. ಹೊಂಬಾಳೆಗೆ ಒಂದು ಕೆಲಸವಾಗಲಿ ಎಂದು ಕಾದಿದ್ದೆ. ಅವಳು ಸಾಫ್ಟ್‌ವೇರ್ ಓದಿದವಳು. ಅತ್ತೆಯನ್ನು ಬಿಟ್ಟು ಊರು ದಾಟುವ ಹಾಗಿರಲಿಲ್ಲ. ಊರಲ್ಲಿ ಹೊಸಬರನ್ನು ತೆಗೆದುಕೊಳ್ಳುವುದು ಶ್ರೀಕರನ ಕಂಪನಿ ಒಂದೇ. ಪರೀಕ್ಷೆ ಬರೆದಳು, ಪಾಸಾದಳು, ಸಂದರ್ಶನಕ್ಕೆ ಕರೆ ಬಂತು.

ಆ ಸಲ ಸಂದರ್ಶನ ಮಾಡುವವರಲ್ಲಿ ಕೆಲಸ ಬಲ್ಲ ಒಬ್ಬ ಹೆಂಗಸೂ ಇರಬೇಕು ಎಂದು ಗಿರಾಕಿ ಕಂಪನಿ ಹೇಳಿ ಕಳಿಸಿತ್ತು. ಶ್ರೀಕರ ನನ್ನನ್ನು ಕೂರಿಸಿದ. ನಾನು ಮೊದಲ ಸಲ ಆ ಮೇಜಿನ ಈ ಬದಿಯಲ್ಲಿ ಕೂತದ್ದು. ಹೊಂಬಾಳೆ ನನ್ನ ನಾದಿನಿ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಗಂಡನಿದ್ದ, ಹೋದ ಎಂಬುದು ಗೊತ್ತಿತ್ತು. ಯಾವ ಬೀದಿಯವನು ಎಂದು ಕೇಳಿದವರಿಲ್ಲ. ನನಗೆ ಬಾಗಿಲು ಸದ್ದು ಮಾಡುತ್ತಿರಲಿಲ್ಲ. ಉಳಿದದ್ದನ್ನು ಅವರೇ ತುಂಬಿಕೊಂಡಿದ್ದರು.

ಹಿಂದಿನ ದಿನ ಮಧ್ಯಾಹ್ನದಿಂದಲೇ ಹೊಂಬಾಳೆ ನೀರು ಬಿಟ್ಟಳು. ಊಟದ ಜೊತೆ ಸಾರೂ ಬೇಡ ಎಂದಳು. ನಾನು ಲೋಟವನ್ನು ಅವಳ ಕಡೆ ಸರಿಸಿದೆ.

"ಕುಡಿ."

"ನಾಳೆ ಸಂಜೆ ಕುಡೀತೀನಿ ಅತ್ತಿಗೆ. ಒಂದು ಕೊಡ ಇಟ್ಟಿರಿ."

"ಈಗ ಕುಡಿ."

"ಒಂದಿನಕ್ಕೆ ಯಾರೂ ಸಾಯಲ್ಲ ಬಿಡಿ" ಎಂದಳು. ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವಳಿಗೇ ಕೇಳಿಸಿತು. ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಹಿತ್ತಲ ಬಾಗಿಲು ಚಿಟ್ ಎಂದಿತು, ತಡೆದು ಇನ್ನೊಮ್ಮೆ ಚಿಟ್ ಎಂದಿತು. ಅತ್ತೆ ಗೋಡೆಗೆ ಒರಗಿ ಕೂತಿದ್ದವರು, "ಅವ್ನೂ ಇಂಗೇ ಅಂತಿದ್ದ" ಎಂದರು.

ಸಂದರ್ಶನದ ದಿನ ಬಿಸಿಲು ಬೆಳಿಗ್ಗೆಯೇ ಏರಿತ್ತು. ಗೋದಾಮಿನ ಮಾಡು ತಗಡಿನದು, ಫ್ಯಾನುಗಳು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದವು. ಹೊಂಬಾಳೆ ಇಸ್ತ್ರಿ ಮಾಡಿದ ತಿಳಿನೀಲಿ ಚೂಡಿದಾರ ಹಾಕಿಕೊಂಡು ಬಂದಳು. ನನ್ನನ್ನು ನೋಡಿ "ನಮಸ್ಕಾರ ಮೇಡಂ" ಎಂದಳು. ನಾನೂ ನಮಸ್ಕಾರ ಎಂದೆ.

ನೇಮಕಾತಿ ನೋಡಿಕೊಳ್ಳುವುದು ಮೈತ್ರೇಯಿ ಮೇಡಂ. ಅವರನ್ನು ಕೆಟ್ಟವರೆಂದು ಹೇಳಲು ಆಗುವುದಿಲ್ಲ. ಕೆಂಪರಾಜ ಹೋದಾಗ ಎಷ್ಟೋ ದಿನ ತಮ್ಮ ಮನೆಯಿಂದ ನನಗೂ ಸೇರಿಸಿ ಕಚೇರಿಗೆ ಊಟ ತಂದವರು ಅವರು. ಮಜ್ಜಿಗೆಯನ್ನು ಕೂಡ ಅವರೇ ಕಡೆದು ಸ್ಟೀಲಿನ ಕ್ಯಾನಿನಲ್ಲಿ ತರುತ್ತಾರೆ.

"ತೊಗೋ ಪುಟ್ಟಿ, ಬಿಸಿಲಲ್ಲಿ ಬಂದಿದೀಯ. ಸಂಕೋಚ ಬೇಡ. ನಮ್ಮಲ್ಲಿ ಎಲ್ಲ ಮನೆ ಥರಾನೇ."

ಹೊಂಬಾಳೆ ಲೋಟ ಎತ್ತಿ ತುಟಿಗೆ ಮುಟ್ಟಿಸಿ ಕೆಳಗಿಟ್ಟಳು. ಲೋಟದಲ್ಲಿ ಮಜ್ಜಿಗೆ ಇಳಿಯಲಿಲ್ಲ. ಮೈತ್ರೇಯಿ ಮೇಡಂ ಅದನ್ನು ನೋಡಿದರು, ನಕ್ಕರು. ಕುಡಿದವರು ಟಾಯ್ಲೆಟ್ಟಿಗೆ ಹೋಗಬೇಕು, ಹೋದರೆ ಗೊತ್ತಾಗುತ್ತದೆ. ಕುಡಿಯದಿದ್ದರೆ ಯಾಕೆ ಕುಡಿಯುತ್ತಿಲ್ಲ ಎಂಬುದೂ ಗೊತ್ತಾಗುತ್ತದೆ. ಇದನ್ನು ಯಾರೂ ಎಲ್ಲಿಯೂ ಹೇಳಿರಲಿಲ್ಲ. ಬಹುಶಃ ತಮಗೇ ಹೇಳಿಕೊಂಡಿರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಯಾಕೆ ಕೂರಿಸಬೇಕು, ಒಂದು ಗಂಟೆ ಸಾಲದೆ ಎಂದು ನಾನೊಮ್ಮೆ ಕೇಳಿದ್ದೆ. "ಮನುಷ್ಯರು ಗೊತ್ತಾಗಬೇಕಲ್ಲಮ್ಮ, ಬರೀ ಕೋಡಿಂಗ್ ತೊಗೊಂಡು ಏನು ಮಾಡೋದು?" ಎಂದಿದ್ದರು ಮೈತ್ರೇಯಿ ಮೇಡಂ.

ಬೆಳಗಿನ ಹೊತ್ತು ಹೊಂಬಾಳೆ ಚೆನ್ನಾಗಿ ಉತ್ತರಿಸಿದಳು. ಆಸ್ಪತ್ರೆಯ ಸರತಿ ಸಾಲನ್ನು ಹೇಗೆ ಬರೆಯುತ್ತೀಯ ಎಂದು ಶ್ರೀಕರ ಕೇಳಿದ. "ಮೊದಲು ಬಂದವರನ್ನ ಮೊದಲು ಕಳಿಸಬೇಕೋ, ಜಾಸ್ತಿ ನೋವಿರೋರನ್ನ ಮೊದಲು ಕಳಿಸಬೇಕೋ ಸರ್?" ಎಂದು ತಿರುಗಿ ಕೇಳಿದಳು. ಶ್ರೀಕರನಿಗೆ ಖುಷಿಯಾಯಿತು. ನನ್ನ ಕಡೆ ಬಾಗಿ, "ಚುರುಕಿದಾಳೆ ಅಲ್ವಾ?" ಎಂದ. ಅವನೂ ಕೆಟ್ಟವನಲ್ಲ. ಆದರೆ ಮಧ್ಯಾಹ್ನದವರೆಗೆ ಅವನು ಯಾರನ್ನೂ ಪೂರ್ತಿ ಮೆಚ್ಚುವುದಿಲ್ಲ.

ಊಟಕ್ಕೆ ಬಿಸಿಬೇಳೆಬಾತು, ಉಪ್ಪಿನಕಾಯಿ, ಹಪ್ಪಳ. ಎಲ್ಲವೂ ಬಾಯಾರಿಸುವಂಥದ್ದೇ. ಜೊತೆಗೆ ಮತ್ತೆ ಮಜ್ಜಿಗೆ. ಊಟದ ನಂತರ ಅವಳು ಬೋರ್ಡಿನ ಮುಂದೆ ನಿಂತು ಬರೆಯತೊಡಗಿದಾಗ ನಾನು ಅವಳ ಬಾಯಿಯನ್ನು ನೋಡುತ್ತಿದ್ದೆ. ನಾಲಿಗೆಯನ್ನು ತುಟಿಯ ಒಳಗಡೆ ಒತ್ತಿ ಹಿಡಿದು, ಸ್ವಲ್ಪ ಹೊತ್ತಿನ ಮೇಲೆ ಬಿಡುವುದು. ಕೆಂಪರಾಜ ಗ್ರಂಥಾಲಯದಲ್ಲಿ ಹೀಗೇ ಮಾಡುತ್ತಿದ್ದ. ಅದು ಯೋಚಿಸುವ ರೀತಿ ಎಂದು ನಾನು ತಿಳಿದಿದ್ದೆ. ಅವಳ ಅಕ್ಷರ ಕೆಳಕ್ಕೆ ಜಾರತೊಡಗಿತು. ಬರೆದದ್ದನ್ನು ಒರೆಸಿದಳು, ಅದನ್ನೇ ಮತ್ತೆ ಬರೆದಳು, ಒರೆಸಿದಳು. ಮೇಜಿನ ಅಂಚನ್ನು ಹಿಡಿದುಕೊಂಡಳು.

"ಏನಾಯ್ತು ಪುಟ್ಟಿ? ಸುಸ್ತಾಯ್ತಾ? ಅದಕ್ಕೇ ಹೇಳಿದ್ದು, ಮಜ್ಜಿಗೆ ಕುಡೀಬೇಕು ಅಂತ" ಎಂದರು ಮೈತ್ರೇಯಿ ಮೇಡಂ. "ಬೇಕಿದ್ದರೆ ಆ ಕಡೆ ಹೋಗಿ ಮುಖ ತೊಳ್ಕೊಂಡು ಬಾ."

"ಪರವಾಗಿಲ್ಲ ಮೇಡಂ" ಎಂದಳು ಹೊಂಬಾಳೆ. ಅವಳ ದನಿ ಒಣಗಿದ ಎಲೆಯ ಹಾಗಿತ್ತು.

ನಾನು ಎದ್ದೆ. ಯೋಚಿಸಿ ಎದ್ದದ್ದಲ್ಲ. ಹಜಾರದ ಕೊನೆಗೆ ನಡೆದೆ. ಅಲ್ಲಿ ನೆಲ ಒರೆಸುವ ದೇವೀರಮ್ಮ ಬಕೆಟಿನ ಪಕ್ಕ ಕೂತು ಕಾಲು ನೀವಿಕೊಳ್ಳುತ್ತಿದ್ದಳು. ಆ ಬಾಗಿಲು ದಿನವೂ ಸದ್ದು ಮಾಡುತ್ತಿದ್ದದ್ದು ಅವಳೊಬ್ಬಳಿಗೆ. ಅವಳಿಗೆ ಸದ್ದು ಮಾಡಿದರೆ ಯಾರ ಮಾತೂ ನಿಲ್ಲುತ್ತಿರಲಿಲ್ಲ. ನಾನು ಬಾಗಿಲನ್ನು ಅರ್ಧ ತೆರೆದು, ಚಪ್ಪಲಿ ಬಿಟ್ಟು, ಕಾಲನ್ನು ಅದರ ಕೆಳಗೆ ಕೊಟ್ಟೆ. ಮೀಟಿದರೆ ಅಲುಗಲಿಲ್ಲ. ಮನೆಯ ಬಾಗಿಲಿಗಿಂತ ಭಾರ. ದೇವೀರಮ್ಮ ನನ್ನನ್ನು ನೋಡಿದಳು. ಏನೂ ಕೇಳದೆ ಎದ್ದು ಬಂದು ಈಚೆ ಬದಿಯಲ್ಲಿ ತನ್ನ ಕಾಲು ಕೊಟ್ಟಳು.

"ಎತ್ತುವಾಗ ಉಸ್ರು ಬುಡಬ್ಯಾಡಿ ಅಕ್ಕ. ಹ್ಞೂ, ಈಗ."

ಕೀಲಿನಿಂದ ಬಾಗಿಲು ಬಿಟ್ಟುಕೊಂಡಿತು. ಇಬ್ಬರೂ ಅದನ್ನು ಹೊತ್ತು, ತಿರುಗಿಸಿ, ಒಳಮುಖವನ್ನು ಗೋಡೆಗೆ ಮಾಡಿ ಒರಗಿಸಿದೆವು. ನನ್ನ ಅಂಗೈಯಲ್ಲಿ ಬಣ್ಣದ ಸಿಬಿರು ಚುಚ್ಚಿಕೊಂಡಿತ್ತು.

ಕಚೇರಿಯಲ್ಲಿ ಕೀಬೋರ್ಡುಗಳ ಸದ್ದು ಒಂದೊಂದಾಗಿ ನಿಂತಿತು. ಎಲ್ಲರೂ ಎದ್ದು ನಿಂತರು. ಶ್ರೀಕರ ಸಭೆಯ ಕೋಣೆಯಿಂದ ಬಂದವನು ಗೋಡೆಗೆ ಒರಗಿದ ಬಾಗಿಲನ್ನು ನೋಡಿ, ಅಲ್ಲೇ ನಿಂತು ಬೂಟು ಕಳಚಿದ. ಬಾಗಿಲು ತೆಗೆದಿಟ್ಟ ಕಡೆ ಯಾರೂ ಚಪ್ಪಲಿಯಲ್ಲಿ ನಿಲ್ಲುವುದಿಲ್ಲ. ಅವನ ಒಂದು ಕಾಲುಚೀಲ ಹೆಬ್ಬೆರಳಿನ ಹತ್ತಿರ ತೂತಾಗಿತ್ತು.

"ಯಾರು ಹೋದರು ಶಾಂಭವಿ?" ಎಂದು ಮೆಲ್ಲಗೆ ಕೇಳಿದ.

"ನಮ್ಮ ಯಜಮಾನರು."

ಅವನು ಮೈತ್ರೇಯಿ ಮೇಡಂ ಮುಖ ನೋಡಿದ. ಅವರು ನನ್ನ ಹೆಗಲ ಮೇಲೆ ಕೈ ಇಟ್ಟರು. "ಅದು ಹೋದ ವರ್ಷ ಅಲ್ವೇನಮ್ಮ?"

"ಹೌದು ಮೇಡಂ. ಆಗ ಇಲ್ಲಿಯದನ್ನ ತೆಗೆದಿರಲಿಲ್ಲ."

ಅದಕ್ಕೆ ಹೇಳುವಂಥದ್ದು ಪದ್ಧತಿಯಲ್ಲಿ ಇರಲಿಲ್ಲ. ಎಲ್ಲಿಯ ಬಾಗಿಲನ್ನು ತೆಗೆಯಬೇಕು, ಎಷ್ಟು ತಡವಾಗಿ ತೆಗೆಯಬಾರದು ಎಂದು ನಮ್ಮ ಊರಿನಲ್ಲಿ ಯಾರೂ ಗೊತ್ತುಮಾಡಿಲ್ಲ. ನಾನು ಕೋಣೆಗೆ ಹೋಗಿ ಹೊಂಬಾಳೆಯ ಮುಂದಿದ್ದ ಲೋಟ ಎತ್ತಿ ಅವಳ ಕೈಗೆ ಕೊಟ್ಟೆ. ಅವಳು ಕುಡಿದಳು. ಕ್ಯಾನಿನಿಂದ ಇನ್ನೊಂದು ಲೋಟ ಹಾಕಿದೆ, ಅದನ್ನೂ ಕುಡಿದಳು. ಗಲ್ಲದ ಮೇಲೆ ಹರಿದದ್ದನ್ನು ಒರೆಸಿಕೊಳ್ಳಲಿಲ್ಲ. ಆಮೇಲೆ ಅವಳು ಹಜಾರದ ಕೊನೆಗೆ ನಡೆದಳು. ನಾನು ಚೌಕಟ್ಟಿಗೆ ಬೆನ್ನು ಮಾಡಿ, ಎರಡೂ ಕೈಗಳಿಂದ ಸೆರಗನ್ನು ಅಗಲಿಸಿ ಹಿಡಿದು ನಿಂತೆ. ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು. ಎಲ್ಲರ ಕಿವಿಗಳು ಅಲ್ಲೇ ಇದ್ದವು. ಹೊಂಬಾಳೆ ಹೊಸಿಲು ದಾಟಿದಳು. ಕೇಳಿದ್ದು ನೀರು ಬೀಳುವ ಸದ್ದು ಮಾತ್ರ, ಬಹಳ ಹೊತ್ತು.

ಸಂಜೆ ನಾವು ಮೂವರು ತೀರ್ಮಾನಕ್ಕೆ ಕೂತೆವು. ಶ್ರೀಕರ ಅವಳ ಉತ್ತರಗಳನ್ನು ತಿರುವಿ ಹಾಕಿದ. "ಚೆನ್ನಾಗೇ ಮಾಡಿದಾಳೆ" ಎಂದ.

"ಮಾಡಿದಾಳೆ" ಎಂದರು ಮೈತ್ರೇಯಿ ಮೇಡಂ. "ಆದರೆ ಹೇಗೆ ಗೊತ್ತಾಗೋದು?"

"ಏನು ಗೊತ್ತಾಗಬೇಕು ಮೇಡಂ?" ಎಂದು ನಾನು ಕೇಳಿದೆ.

ಅವರು ಕ್ಯಾನಿನ ಮುಚ್ಚಳ ತಿರುಗಿಸಿ ಮುಚ್ಚಿದರು. ಆಮೇಲೆ ತುಂಬಾ ಮೃದುವಾಗಿ, "ಈವತ್ತು ಬೇಡ. ಬಾಗಿಲು ತೆಗೆದಿಟ್ಟ ಜಾಗದಲ್ಲಿ ಶುಭದ ಮಾತು ಆಡಬಾರದು. ನೀನು ಬಾಗಿಲು ಹಾಕಿದ ಮೇಲೆ ಅವಳನ್ನ ಇನ್ನೊಂದು ಸಲ ಕರೆಯೋಣ. ಏನಂತೀಯ ಶ್ರೀಕರ?" ಎಂದರು.

"ಅದೇ ಒಳ್ಳೇದು" ಎಂದ ಶ್ರೀಕರ, ಕಾಲುಚೀಲದ ತೂತನ್ನು ಇನ್ನೊಂದು ಕಾಲಿನಿಂದ ಮುಚ್ಚಿಕೊಳ್ಳುತ್ತ.

ಅವರಿಗೆ ಕೋಪ ಬಂದಿರಲಿಲ್ಲ. ಅವರು ಕಾಯಲು ಸಿದ್ಧರಿದ್ದರು. ಹಾಗಿದ್ದರೆ ನಾನೂ ಕಾಯಬಹುದಲ್ಲ ಎಂದು ನನಗೆ ಅನ್ನಿಸಿದ್ದು ಆಗ.

ಮೊದಲ ಕೆಲವು ದಿನ ಕಚೇರಿಯಲ್ಲಿ ಯಾರೂ ನೀರು ಕುಡಿಯಲಿಲ್ಲ. ಕ್ಯಾನು ತುಂಬಿದ್ದು ತುಂಬಿದ ಹಾಗೇ ಮನೆಗೆ ವಾಪಸಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಕುರ್ಚಿಯಲ್ಲಿ ಕಾಲು ಬದಲಾಯಿಸುತ್ತಿದ್ದರು, ನಾಲಿಗೆಯನ್ನು ತುಟಿಗೆ ಒತ್ತುತ್ತಿದ್ದರು. ಊಟದ ಬಿಡುವಿನಲ್ಲಿ ಹತ್ತಿರ ಮನೆಯಿದ್ದವರು ಓಡುತ್ತಿದ್ದರು. ಶ್ರೀಕರನಿಗೆ ಉರಿ ಶುರುವಾಗಿ ಡಾಕ್ಟರ ಹತ್ತಿರ ಹೋದ. ನೀರು ಕುಡಿಯಿರಿ ಎಂದರಂತೆ. ಆಮೇಲೆ ಅವನೇ ಮನೆಯಿಂದ ಒಂದು ಪರದೆ ತಂದು ಚೌಕಟ್ಟಿಗೆ ಕಟ್ಟಿಸಿದ. ಸೂರ್ಯಕಾಂತಿ ಹೂಗಳಿದ್ದ ಹಳೆಯ ಪರದೆ, ಒಂದು ಬದಿ ಬಿಸಿಲಿಗೆ ಬಿಳಿಚಿಕೊಂಡಿತ್ತು. ಅಷ್ಟಕ್ಕೇ ಮುಗಿಯಿತು. ಅಷ್ಟು ಸುಲಭವಿತ್ತು. ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ ಎಂದು ಯಾರೂ ಹೇಳಲಿಲ್ಲ.

ಪರದೆಗೆ ಚಿಲಕವಿಲ್ಲದ್ದರಿಂದ ಒಳಗಿದ್ದವರು ಹಾಡುವುದು ರೂಢಿಯಾಯಿತು. ಹಾಡು ಬಾರದವರು ಮಗ್ಗಿ ಹೇಳುತ್ತಿದ್ದರು.

"ಯಾರ್ರೀ ಒಳಗೆ?"

"ಹದಿನೇಳೊಂದ್ಲೆ ಹದಿನೇಳು!"

"ಬೇಗ ಮುಗಿಸಿ ಮಾರಾಯರೇ, ಹತ್ತೊಂಬತ್ತರ ಮಗ್ಗಿಯವರು ಕಾಯ್ತಾ ಇದಾರೆ."

ನಾನು ಅಲ್ಲಿಗೆ ಹೋದಾಗ ಕೆಮ್ಮುತ್ತೇನೆ. ಅದೊಂದು ನನಗೆ ಮೊದಲೇ ಅಭ್ಯಾಸವಿತ್ತು.

ಮೈತ್ರೇಯಿ ಮೇಡಂ ದಿನ ಬಿಟ್ಟು ದಿನ ನನ್ನ ಮೇಜಿನ ಹತ್ತಿರ ಬರುತ್ತಿದ್ದರು. "ಹೇಗಿದೀಯಮ್ಮ? ಸ್ವಲ್ಪ ಹಗುರ ಆಯ್ತಾ?" ಎಂದು ಕೇಳುತ್ತಿದ್ದರು. ಇಲ್ಲ ಮೇಡಂ ಎನ್ನುತ್ತಿದ್ದೆ. ಅದು ನಿಜವೇ ಆಗಿತ್ತು. ಗೋಡೆಗೆ ಒರಗಿದ ಆ ಬಾಗಿಲನ್ನು ನೋಡುವಾಗ, ಮನೆಯ ಬಾಗಿಲನ್ನು ಎತ್ತಿದ ದಿನ ಬಾರದಿದ್ದದ್ದು ಈಗ ಸ್ವಲ್ಪ ಸ್ವಲ್ಪವಾಗಿ ಬರುತ್ತಿತ್ತು. ಒಂದು ದಿನ ಕೋಡ್ ಬರೆಯುತ್ತಿದ್ದವಳು ಹಾಗೇ ಅತ್ತುಬಿಟ್ಟೆ, ಕೀಬೋರ್ಡ್ ಒದ್ದೆಯಾಯಿತು. ಯಾರೋ ಟಿಶ್ಯೂ ಡಬ್ಬಿ ತಂದಿಟ್ಟು ಹೋದರು.

ಗಿರಾಕಿ ಕಂಪನಿಯ ಕೆಲಸ ಒಪ್ಪಿಸುವ ದಿನ ಹತ್ತಿರ ಬಂತು. ಕೈಗಳು ಸಾಲುತ್ತಿರಲಿಲ್ಲ. ಶ್ರೀಕರ ಬಾಗಿಲಿನ ಕಡೆ ನೋಡುತ್ತಿದ್ದ, ನನ್ನ ಕಡೆ ನೋಡುತ್ತಿದ್ದ. ಕೊನೆಗೆ ಹೊಂಬಾಳೆಯನ್ನು ಮತ್ತೆ ಕರೆಸಿದ. ಈ ಸಲ ಅವಳು ಹಿಂದಿನ ದಿನ ಎಂದಿನಂತೆ ನೀರು ಕುಡಿದು, ಸಾರಿನಲ್ಲಿ ಅನ್ನ ಕಲಸಿ ಉಂಡು ಬಂದಿದ್ದಳು. ಮೈತ್ರೇಯಿ ಮೇಡಂ ಮಜ್ಜಿಗೆ ಕೊಟ್ಟರು, ಕುಡಿದಳು. ಇನ್ನೊಂದು ಕೊಟ್ಟರು, ಅದನ್ನೂ ಕುಡಿದು "ಇಂಗು ಚೆನ್ನಾಗಿದೆ ಮೇಡಂ" ಎಂದಳು. ಎದ್ದು ಪರದೆಯ ಹಿಂದೆ ಹೋದಳು. ಒಳಗಿನಿಂದ ಯಾವುದೋ ಸೋಬಾನೆಯ ಎರಡು ಸಾಲು ಕೇಳಿಸಿತು, ನಡುವೆ ನಗು ಬಂದು ತಪ್ಪಿಹೋಯಿತು. ಹುಟ್ಟಿದಾಗಿನಿಂದ ಅವಳು ಸದ್ದಿಲ್ಲದೆ ದಾಟಿದ ಹೊಸಿಲು ಅದೊಂದೇ ಇರಬೇಕು. ಮದುವೆ ಮನೆಯವು ಬಿಟ್ಟರೆ, ಸಾವಿನ ಮನೆಯವು ಬಿಟ್ಟರೆ.

"ನಮ್ಮ ವಾತಾವರಣಕ್ಕೆ ಹೊಂದುತ್ತಾಳೆ" ಎಂದ ಶ್ರೀಕರ.

"ಒಳ್ಳೆ ಮನೆತನದ ಹುಡುಗಿ ಅನ್ನಿಸತ್ತೆ" ಎಂದರು ಮೈತ್ರೇಯಿ ಮೇಡಂ. "ಎಷ್ಟು ಸಲೀಸಾಗಿ ಕುಡಿದಳು ನೋಡಿ."

ನಾನು ಅವಳ ಹೆಸರಿನ ಮುಂದೆ ಸಹಿ ಹಾಕಿದೆ.

ಹೊಂಬಾಳೆ ಈಗ ನನ್ನ ಹಿಂದಿನ ಸಾಲಿನಲ್ಲಿ ಕೂರುತ್ತಾಳೆ. ಕಚೇರಿಯಲ್ಲಿ ನನ್ನನ್ನು ಮೇಡಂ ಎನ್ನುತ್ತಾಳೆ. ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಮನೆಗೆ ಹೋಗುತ್ತೇವೆ. ಒಮ್ಮೊಮ್ಮೆ ಅವಳು ಗೋಡೆಯ ಕಡೆ ನೋಡುವುದನ್ನು ನೋಡುತ್ತೇನೆ. ಕೆಲಸ ಇನ್ನೂ ಖಾಯಂ ಆಗಿಲ್ಲ. ಆದ ಮೇಲೂ ಬಾಗಿಲು ಬಾಗಿಲೇ. ಅವಳ ಹಿಂದೆ ಇನ್ನೊಬ್ಬಳು ಬರುತ್ತಾಳೆ, ಬೀದಿಯಲ್ಲಿ ಓದುತ್ತಿರುವವರು ಬಹಳ ಜನ ಇದ್ದಾರೆ.

ಅಣ್ಣ ಮೊನ್ನೆ ಮತ್ತೆ ಫೋನು ಮಾಡಿದ. "ಅವಳಿಗೆ ಕೆಲಸ ಆಯ್ತಲ್ಲ, ಇನ್ನೇನು? ಟಿಕೆಟ್ ತೆಗೀಲಾ?"

"ಬರೋಕಾಗಲ್ಲ ಅಣ್ಣ."

"ಯಾಕೆ? ಅಲ್ಲೇನಿದೆ ನಿನಗೆ?"

ಅವನು ಇರುವ ಊರಿನಲ್ಲಿ ಇದನ್ನು ಹೇಗೆ ಹೇಳುವುದೋ ನನಗೆ ತಿಳಿಯಲಿಲ್ಲ. ಬಾಗಿಲು ತೆಗೆದಿಟ್ಟವರು ಜಾಗ ಬಿಟ್ಟು ಹೋದರೆ, ಆ ಮನೆಗೆ ಹಿರಿಯರು ಯಾರೋ ಅವರು ಅದನ್ನು ಹಾಕಬಹುದು. ಅದೂ ಪದ್ಧತಿಯೇ. ನಾನು ಕೆಲಸ ಬಿಟ್ಟ ದಿನ ಶ್ರೀಕರ ಹಾಕಿಸುತ್ತಾನೆ. ಮೈತ್ರೇಯಿ ಮೇಡಂ ಈಗಲೇ ಎರಡು ಸಲ, "ಅಣ್ಣನ ಮನೆಗೆ ಹೋಗಿ ಸುಧಾರಿಸಿಕೋಬಾರದಾ, ಎಷ್ಟು ದಿನ ಬೇಕಿದ್ದರೂ ರಜೆ ತೊಗೋ" ಎಂದು ಪ್ರೀತಿಯಿಂದ ಹೇಳಿದ್ದಾರೆ.

ಹಾಗಾಗಿ ದಿನವೂ ಹೋಗುತ್ತೇನೆ. ಜ್ವರ ಬಂದರೂ ಹೋಗುತ್ತೇನೆ. ಸಂಜೆ ಬರುವ ಹೊತ್ತಿಗೆ ಮೈಯೆಲ್ಲ ಮರದ ಹಾಗಾಗಿರುತ್ತದೆ. ಹೊಸಿಲಲ್ಲಿ ನಿಂತು ಕೆಮ್ಮುತ್ತೇನೆ.

"ಬಂದ್ಯಾ ಮಗ" ಎನ್ನುತ್ತಾರೆ ಅತ್ತೆ ಒಳಗಿನಿಂದ. "ಹಾಕ್ದೇನವ್ವ ಬಾಗ್ಲ?"

"ಇಲ್ಲ ಅತ್ತೆ."

"ಯಾಕ್ ಹಾಕ್ನಿಲ್ಲ?"

"ಇನ್ನೂ ಮುಗಿದಿಲ್ಲ ಅತ್ತೆ."

ಅತ್ತೆ ಕತ್ತಲಲ್ಲಿ ಕೈಯಾಡಿಸಿ ಚೊಂಬನ್ನು ಹುಡುಕಿ ನನ್ನ ಕಡೆ ತಳ್ಳುತ್ತಾರೆ. "ಆಗ್ಲಿ ಬುಡು, ಮುಗಿದಾಗ ಹಾಕೀಯೆ. ಮೊದ್ಲು ನೀರ್ ಕುಡಿ." ಚೊಂಬು ಬರಿದಾಗುವವರೆಗೆ ಅವರು ಕಿವಿಗೊಟ್ಟು ಕೂತಿರುತ್ತಾರೆ.